ಸ್ಟೋರ್‌ಕೀಪರ್ ಸಂಜೀವಣ್ಣನ ನೆಂಟರು

ಸಂಜೀವಣ್ಣನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಕಾಂದಿವಲಿಯ ಹೋಟೆಲಿನ ಸ್ಟೋರಿನಲ್ಲಿ, ಇಲಿ ಹಿಡಿಯುವ ಕತ್ತರಿಗೆ ಕೊಬ್ಬರಿ ಚೂರು ಸಿಕ್ಕಿಸುವಾಗ ಅದು ಪಟ್ಟನೆ ಮುಚ್ಚಿಕೊಂಡು ಉಗುರನ್ನು ಬುಡಸಮೇತ ಕಿತ್ತಿತ್ತಂತೆ. ಮತ್ತೆ ಬೆಳೆಯಲೇ ಇಲ್ಲ. ನಾನು ಅವರನ್ನು ಮೊದಲ ಸಲ ಸರಿಯಾಗಿ ನೋಡಿದ ದಿನ ಅದೇ ಅಂಗೈಯಲ್ಲಿ, ಅದೇ ಬೋಳು ಹೆಬ್ಬೆರಳನ್ನು ಎರಡು ಮುಂಗಾಲುಗಳಿಂದ ಹಿಡಿದುಕೊಂಡು, ಬಂಗಾರದ ಬಣ್ಣದ ಒಂದು ಪ್ರಾಣಿ ಕೂತಿತ್ತು. ಬಾಲ ಇದ್ದೂ ಇಲ್ಲದ ಹಾಗೆ, ಕಣ್ಣು ಕರಿಮೆಣಸಿನ ಕಾಳು. ಸೂರ್ಯಕಾಂತಿ ಬೀಜವನ್ನು ಕಟಕಟ ಕಡಿಯುತ್ತಿತ್ತು.

"ಇದೇನ್ರೀ ಅಣ್ಣಾರ, ಇಲಿ ಸಾಕೀರೇನು?" ಎಂದೆ.

"ಇಲಿ ಅಲ್ಲ ಮಾರಾಯ್ರೆ, ಹ್ಯಾಮ್‌ಸ್ಟರ್!" ಎಂದು ಗದರಿದರು. "ಇಲಿ ಅಂತ ಹೇಳುದಾದ್ರೆ ನಾನು ಬೇರೆ ಟೈಲರ್ ಅಂಗಡಿಗೆ ಹೋಗ್ತೇನೆ. ಸ್ವಲ್ಪ ಬಟ್ಟೆ ಚಿಂದಿ ಬೇಕಿತ್ತು. ಮೆತ್ತಗಿನದ್ದು. ಇವರ ಹಾಸಿಗೆಗೆ."

ಕೇಳಲು ಬಂದವರು ಇಷ್ಟು ಜೋರು ಮಾಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೂ ಬಾಯಿ ಕಡಿಮೆಯೇನಿಲ್ಲ. ಆದರೆ ಆ ಕರಿಮೆಣಸಿನ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಹೊಲಿಗೆ ಮಿಷನ್ನಿನ ಕೆಳಗಿದ್ದ ಚಿಂದಿ ಚೀಲವನ್ನು ಅವರ ಮುಂದೆ ಸರಿಸಿದೆ.

ದಹಿಸರಿನ ನಮ್ಮ ಬಿಲ್ಡಿಂಗಿನ ತಳದಲ್ಲಿ ನನ್ನ ಅಂಗಡಿ. ಬ್ಲೌಸ್ ಹೊಲಿಗೆ, ಸೀರೆಗೆ ಫಾಲ್ ಹಚ್ಚುವುದು, ಪ್ಯಾಂಟು ಗಿಡ್ಡ ಮಾಡುವುದು. ನಾನು ಬಿಜಾಪುರದ ಕಡೆಯವಳು, ಲಗ್ನವಾಗಿ ಇಲ್ಲಿಗೆ ಬಂದವಳು. ಸಂಜೀವಣ್ಣ ಉಡುಪಿಯ ಕಡೆಯವರು, ಮದುವೆಯಾಗದವರು, ಜೀವಮಾನವೆಲ್ಲ ಹೋಟೆಲಿನ ಸ್ಟೋರ್‌ಕೀಪರ್ ಆಗಿದ್ದವರು. ಮಂಡಿ ಸೋತ ಮೇಲೆ ತಂಗಿಯ ಮಗಳು ವಿನಯಾಳ ಮನೆಯ ಬಾಲ್ಕನಿಗೆ, ಇಲ್ಲಿಯವರ ಮಾತಿನಲ್ಲಿ ಗ್ಯಾಲರಿಗೆ, ಬಂದು ಸೇರಿದ್ದರು. ಮೂರನೆಯ ಮಾಳಿಗೆ, ಲಿಫ್ಟಿನ ಪಕ್ಕದ ಮನೆ. ಇಡೀ ಬಿಲ್ಡಿಂಗಿನಲ್ಲಿ ಕನ್ನಡ ಮಾತಾಡುವ ಮನೆಗಳು ನಮ್ಮವೆರಡೇ. ಆದರೂ ನಮ್ಮ ಕನ್ನಡಕ್ಕೆ ಒಂದಕ್ಕೊಂದು ಹೊಂದಿಕೆಯಾಗಲು ಸ್ವಲ್ಪ ಕಾಲ ಬೇಕಾಯಿತು. "ನಿಮ್ಮ ಕನ್ನಡಕ್ಕೆ ಖಾರ ಜಾಸ್ತಿ ಶಮೀಮಕ್ಕ" ಎನ್ನುತ್ತಿದ್ದರು. "ನಿಮ್ಮದಕ್ಕ ಬೆಲ್ಲ ಜಾಸ್ತಿರಿ, ಸಾಂಬಾರಿಗೂ ಬೆಲ್ಲಾ ಹಾಕೋ ಮಂದಿ ನೀವು" ಎನ್ನುತ್ತಿದ್ದೆ ನಾನು.

ಆ ಪ್ರಾಣಿಗಳು ಅವರ ಪಾಲಿಗೆ ಬಂದದ್ದು ಹೀಗೆ. ಎರಡನೆಯ ಮಾಳಿಗೆಯ ಬಾಡಿಗೆಯವರು ಮನೆ ಖಾಲಿ ಮಾಡಿ ಹೋಗುವಾಗ ಸೋಫಾ ಒಯ್ದರು, ಅಕ್ವಾಗಾರ್ಡ್ ಬಿಚ್ಚಿ ಒಯ್ದರು, ಕಿಟಕಿಯ ಪರದೆಯ ಸರಳು ಕೂಡ ಒಯ್ದರು. ಮಕ್ಕಳ ಹುಟ್ಟುಹಬ್ಬಕ್ಕೆಂದು ತಂದಿದ್ದ ಎರಡು ಹ್ಯಾಮ್‌ಸ್ಟರುಗಳನ್ನು ಮಾತ್ರ ಪಂಜರ ಸಮೇತ ವಾಚ್‌ಮನ್ ಕ್ಯಾಬಿನ್ನಿನ ಪಕ್ಕ ಇಟ್ಟು ಹೋದರು. ಸೊಸೈಟಿಯ ಸೆಕ್ರೆಟರಿ ಬಂದು ನೋಡಿ, ಹಿಂದಿನ ಕೊಳಚೆ ನಾಲೆಯ ಬಳಿ ಬಿಟ್ಟು ಬಾ ಎಂದು ವಾಚ್‌ಮನ್ನನಿಗೆ ಹೇಳಿದರು. ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಬರುತ್ತಿದ್ದ ಸಂಜೀವಣ್ಣ ಅಲ್ಲಿಯೇ ನಿಂತರು. ನಾಲೆಯ ಹೆಗ್ಗಣಗಳು ಇವನ್ನು ಏನು ಮಾಡುತ್ತವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಕಾಂಪೌಂಡಿನಲ್ಲಿ ಯಾರಿದ್ದರು? ಹಾಲನ್ನು ಪಂಜರದ ಮೇಲಿಟ್ಟು, ಪಂಜರವನ್ನು ಎತ್ತಿಕೊಂಡು ಲಿಫ್ಟ್ ಹತ್ತಿದರು.

ಬಿಲ್ಡಿಂಗು ನಕ್ಕಿತು. ನಗದೆ ಏನು ಮಾಡುತ್ತದೆ? ಆಯುಷ್ಯವಿಡೀ ಇಲಿ ಕೊಂದವನು ಮುದಿತನದಲ್ಲಿ ಇಲಿಯ ಜಾತಿಯದ್ದಕ್ಕೆ ಹಾಸಿಗೆ ಹಾಸುತ್ತಿದ್ದಾನೆ. ಹುಲಿ ಹುಲ್ಲು ತಿಂದ ಕತೆಯೇ ಆಯಿತು. ಮೊದಲನೆಯ ಮಾಳಿಗೆಯ ಒಬ್ಬ ಹೆಂಗಸು ನನ್ನ ಅಂಗಡಿಯಲ್ಲೇ ಕೈಮುಗಿದು, "ಪಾಪ, ಮುದುಕರು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾರೆ" ಎಂದು ಹಿಂದಿಯಲ್ಲಿ ಹೇಳಿದಳು. ಸಂಜೀವಣ್ಣ ಅಲ್ಲೇ ಸ್ಟೂಲಿನ ಮೇಲೆ ಕೂತು ಚಿಂದಿ ಆರಿಸುತ್ತಿದ್ದರು. ಅವಳು ಹೋಗುವ ತನಕವೂ ತಡೆದುಕೊಳ್ಳಲಿಲ್ಲ.

"ಯಾರ ಪ್ರಾಯಶ್ಚಿತ್ತ? ಎಂತದ್ದು ಪ್ರಾಯಶ್ಚಿತ್ತ?" ಎಂದು ಕನ್ನಡದಲ್ಲೇ ಶುರುಮಾಡಿ ಹಿಂದಿಗೆ ಹಾರಿದರು. ಆಮೇಲೆ ನನ್ನ ಕಡೆ ತಿರುಗಿದರು. "ಶಮೀಮಕ್ಕ, ಇವರಿಗೆ ಸರಿಯಾಗಿ ಹೇಳಿ. ಇವತ್ತು ಹೋಟೆಲಿನ ಸ್ಟೋರಿಗೆ ಇಲಿ ಬಂದ್ರೆ ಇವತ್ತೇ ಕೊಲ್ತೇನೆ. ನನಗೆ ಅದರಲ್ಲಿ ಒಂದಿಷ್ಟು ಬೇಜಾರಿಲ್ಲ. ಸ್ಟೋರಿಗೆ ನುಗ್ಗಿದ್ದು ಕಳ್ಳ, ಬಾಗಿಲಿಗೆ ಬಂದದ್ದು ನೆಂಟ. ಇಷ್ಟೇ ಲೆಕ್ಕ."

ಅಂದಿನಿಂದ ಅವರ ಬಾಯಲ್ಲಿ ಆ ಎರಡಕ್ಕೂ ನೆಂಟರು ಎಂದೇ ಹೆಸರು. ಒಂದೊಂದಕ್ಕೆ ಬೇರೆ ಹೆಸರೂ ಇತ್ತು. ಕೆನ್ನೆ ಉಬ್ಬಿಸಿಕೊಂಡು ಕೂರುವ ದಪ್ಪನೆಯದ್ದು ಧಣಿ. ಅವರ ಊರಿನ ಕಡೆ ಹೋಟೆಲಿನ ಮಾಲೀಕನನ್ನು ಹಾಗೆ ಕರೆಯುತ್ತಾರೆ. ಸದಾ ಕೆರೆಯುತ್ತ ತೋಡುತ್ತ ಇರುವ ಸಣಕಲು ಮೇಸ್ತ್ರಿ. ಅವಕ್ಕೆ ಈರುಳ್ಳಿ, ಬೆಳ್ಳುಳ್ಳಿ ಕೊಡಬಾರದೆಂದು ವಿನಯಾ ಮೊಬೈಲಿನಲ್ಲಿ ನೋಡಿ ಹೇಳಿದಾಗ ಅವರಿಗೆ ಆದ ಸಂತೋಷ ಹೇಳತೀರದು. "ನೋಡಿ, ನಮ್ಮ ಹೋಟೆಲಿನ ಹಳೇ ಭಟ್ರ ಹಾಗೆಯೇ! ಮಡಿಯವರು!" ಎಂದು ಎರಡು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಇಲ್ಲಿ ಒಂದು ಮಾತು ಹೇಳಬೇಕು. ಸಂಜೀವಣ್ಣನ ದನಿ ಏರಿತೆಂದರೆ ಅವರಿಗೆ ಸಿಟ್ಟು ಬಂದಿದೆ ಎಂದು ಜನ ತಿಳಿಯುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಅದು ಸಿಟ್ಟಲ್ಲ, ಹೆದರಿಕೆ. ಹೆದರಿಕೆ ಎಷ್ಟೋ ದನಿ ಅಷ್ಟು. ಒಳಗೊಳಗೆ ಅವರನ್ನು ತಿನ್ನುತ್ತಿದ್ದ ಪ್ರಶ್ನೆ ಒಂದೇ: ನಾನು ಇವನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದೇನಾ? ಸೆಕ್ರೆಟರಿಯ ಮುಂದೆ ಎದೆಯುಬ್ಬಿಸಿ ಮಾತಾಡಿ ಬಂದವರು ನನ್ನ ಸ್ಟೂಲಿನ ಮೇಲೆ ಕೂತು, ದನಿ ಇಳಿಸಿ, ಅದನ್ನೇ ಕೇಳುತ್ತಿದ್ದರು. "ಶಮೀಮಕ್ಕ, ನಿಜ ಹೇಳಿ. ನಾನು ನೋಡುದು ಸರಿ ಉಂಟಾ?"

ಕೇಳಲು ಕಾರಣವಿತ್ತು. ಮೊದಲ ತಿಂಗಳಲ್ಲಿ ಅವರು ಮಾಡಿದ್ದೆಲ್ಲ ತಪ್ಪೇ. ಅದೂ ಸೋಮಾರಿಯ ತಪ್ಪಲ್ಲ, ಕೆಲಸಗಾರನ ತಪ್ಪು.

ಹೋಟೆಲಿನಲ್ಲಿ ಮಲಗುವುದೆಂದರೆ ಎಲ್ಲರೂ ಒಂದೇ ಮಾಳಿಗೆಯಲ್ಲಿ, ಒಬ್ಬರ ಕಾಲಿಗೆ ಒಬ್ಬರ ತಲೆ. ಹಾಗೆಯೇ ಇವೂ ಹೊಂದಿಕೊಳ್ಳಲಿ ಎಂದು ಒಂದೇ ಪಂಜರದಲ್ಲಿ ಇಟ್ಟರು. ಧಣಿ ಮೇಸ್ತ್ರಿಯ ಕಿವಿ ಹರಿದ. ಈ ಜಾತಿಯವು ಒಂಟಿಯಾಗಿಯೇ ಇರಬೇಕು, ಜೊತೆಗಿಟ್ಟರೆ ಸಾಯುವತನಕ ಕಾದಾಡುತ್ತವೆ ಎಂದು ವಿನಯಾ ಓದಿ ಹೇಳಿದಳು. ಸಂಜೀವಣ್ಣನಿಗೆ ಉರಿದುಹೋಯಿತು. "ಸಿಂಗಲ್ ರೂಮಾ? ನನಗೆ ಈ ವಯಸ್ಸಿನವರೆಗೆ ಸಿಂಗಲ್ ರೂಮ್ ಸಿಗ್ಲಿಲ್ಲ, ಇವರಿಗೆ ಸಿಂಗಲ್ ರೂಮು ಬೇಕಾ?" ಎಂದು ಮೂರನೆಯ ಮಾಳಿಗೆಯಿಂದ ಕೂಗಿದ್ದು ನನ್ನ ಮಿಷನ್ ಸದ್ದಿನಲ್ಲೂ ಕೇಳಿಸಿತು. ಮಾರನೆಯ ದಿನ ಬೊರಿವಲಿಗೆ ಹೋಗಿ ಇನ್ನೊಂದು ದೊಡ್ಡ ಪಂಜರ ತಂದರು. ಗ್ಯಾಲರಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಊರಿನಿಂದ ಬರುವಾಗ ತಂದಿದ್ದ ತಮ್ಮ ಟ್ರಂಕನ್ನು ಹೊರಗೆ ಹಾಕಿ ಜಾಗ ಮಾಡಿದರು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಅದನ್ನು ಹೋಟೆಲಿನ ಸ್ಟೋರ್‌ಕೀಪರ್ ಬಿಟ್ಟರೆ ಬೇರೆ ಯಾರೂ ಮಾಡಲಾರರು.

ಹ್ಯಾಮ್‌ಸ್ಟರ್ ತಿನ್ನುವುದಕ್ಕಿಂತ ಕೂಡಿಡುವುದು ಹೆಚ್ಚು. ಕಾಳನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಹೋಗಿ ಒಂದು ಮೂಲೆಯಲ್ಲಿ ಉಗುಳಿ, ಮೇಲೆ ಹಾಸು ಮುಚ್ಚಿ ಬರುತ್ತದೆ. ಸಂಜೀವಣ್ಣ ಬೆಳಗ್ಗೆ ಎದ್ದವರೇ ಪಂಜರ ಬಿಚ್ಚುತ್ತಿದ್ದರು. ಹೋಟೆಲಿನ ಗಂಟೆಯಂತೆ, ಹಾಲಿನ ಗಾಡಿಗೂ ಮುಂಚೆ ಏಳುವುದು ಅವರ ರೂಢಿ. ಎದ್ದು ಆ ಮೂಲೆಯ ಗುಡ್ಡೆಯನ್ನೆಲ್ಲ ತೆಗೆದು ಬಿಸಾಡಿ, ಬಿಸಿನೀರಿನಲ್ಲಿ ಪಂಜರ ತೊಳೆದು, ಒರೆಸಿ, ಹೊಸ ಕಾಳು ಹಾಕುತ್ತಿದ್ದರು. ಹಳೇ ಸ್ಟಾಕ್ ಇರಬಾರದು. ಹಳೇ ಸ್ಟಾಕ್ ಇದ್ದ ಕಡೆ ಹುಳ, ಹುಳ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಮುನ್ಸಿಪಾಲ್ಟಿಯವರು. ಇದು ಅವರ ಜೀವನದ ಪಾಠ.

ಧಣಿ ದಿನದಿಂದ ದಿನಕ್ಕೆ ಹುಚ್ಚನಂತಾದ. ಸರಳು ಕಚ್ಚಿದ, ಕೈ ಕಚ್ಚಿದ, ಮೂಲೆಯಿಂದ ಮೂಲೆಗೆ ಓಡಿದ. ಮೈಯ ಕೂದಲು ಉದುರಿತು. ಸಂಜೀವಣ್ಣ ಇನ್ನೂ ಚೆನ್ನಾಗಿ ತೊಳೆದರು. ಧಣಿ ಇನ್ನೂ ಕಚ್ಚಿದ. ವಿನಯಾ ವಿಡಿಯೋ ಮೇಲೆ ವಿಡಿಯೋ ತೋರಿಸಿದಳು. ಒಬ್ಬ ಹೀಗೆ ಎಂದ, ಇನ್ನೊಬ್ಬ ಹಾಗಲ್ಲ ಎಂದ, ಮತ್ತೊಬ್ಬಳು ನಿಮ್ಮ ಪಂಜರ ಜೈಲು ಎಂದು ಬೈದಳು. "ಇವರಲ್ಲಿ ಯಾರ ಕೈಯಲ್ಲಾದ್ರೂ ಒಂದು ಗಾಯ ಉಂಟಾ ನೋಡು" ಎಂದು ಸಂಜೀವಣ್ಣ ಮೊಬೈಲನ್ನು ದೂರ ತಳ್ಳಿದರು. ಅವರದೇ ಬೆರಳುಗಳಲ್ಲಿ ನಾಲ್ಕು ಕಡೆ ಪಟ್ಟಿ ಇತ್ತು.

ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಕೂತರು. ನಾನು ಗಿರಾಕಿಯೊಬ್ಬಳ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದೆ. ತಾವೇ ಮಾತು ತೆಗೆದರು. "ನಮ್ಮ ಹೋಟೆಲಿನಲ್ಲಿ ಒಮ್ಮೆ ಪೈಪ್ ಒಡೆದು ಸ್ಟೋರಿಗೆ ನೀರು ನುಗ್ಗಿತ್ತು ಶಮೀಮಕ್ಕ. ಅಕ್ಕಿ, ಉದ್ದು, ರವೆ, ಎಲ್ಲ ಹೋಯ್ತು. ನಾನು ಬರೀ ಸ್ಟೋರಿನ ನಡುವೆ ನಿಂತಿದ್ದೆ. ಆವತ್ತು ಯಾರಾದ್ರೂ ಹತ್ತಿರ ಬಂದಿದ್ರೆ ಕಚ್ತಿದ್ದೆ." ಅಷ್ಟು ಹೇಳಿ ಪಟ್ಟಿ ಸುತ್ತಿದ ಬೆರಳು ನೋಡಿಕೊಂಡರು. ಮತ್ತೆ ಹಣೆ ಬಡಿದುಕೊಂಡರು. "ದಿನಾ ಬೆಳಿಗ್ಗೆ ನಾನು ಅದರ ಸ್ಟೋರ್ ಖಾಲಿ ಮಾಡುದು ಮಾರಾಯ್ರೆ! ಸ್ಟೋರ್ ಖಾಲಿ ಮಾಡಿದ್ರೆ ಯಾವ ಸ್ಟೋರ್‌ಕೀಪರನ ತಲೆ ಸರಿ ಇರ್ತದೆ?"

ಅಂದಿನಿಂದ ಮೂಲೆಯ ಗುಡ್ಡೆಗೆ ಕೈ ಹಾಕಲಿಲ್ಲ. ಹಸಿ ಸೌತೆಕಾಯಿಯ ಚೂರು ಕೊಳೆತರೆ ಅದನ್ನಷ್ಟೇ ಚಿಮಟಿಗೆಯಿಂದ ಎತ್ತುತ್ತಿದ್ದರು, ಅದೂ ಅನುಮತಿ ಕೇಳಿದವರ ಹಾಗೆ. ಧಣಿಯ ಮೈಗೆ ಮತ್ತೆ ಕೂದಲು ಬಂತು, ಅವರ ಬೆರಳಿನ ಪಟ್ಟಿಗಳು ಹೋದವು. ಅವರಿಗೂ ಒಂದು ಅಳತೆಗೋಲು ಸಿಕ್ಕಿತು. "ಸ್ಟೋರ್ ತುಂಬಿಸ್ತಾ ಉಂಟಾದ್ರೆ ಸಮ ಉಂಟು ಅಂತ. ನಾಳೆ ಉಂಟು ಅಂತ ನಂಬಿಕೆ ಇದ್ದವ ಮಾತ್ರ ಸ್ಟಾಕ್ ಮಾಡುದು." ವಿಡಿಯೋದವರು ಏನೇ ಹೇಳಲಿ, ಅವರು ನಂಬಿದ್ದು ಈ ಒಂದು ಗುರುತನ್ನೇ.

ಇಷ್ಟಾದರೂ ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಬಿಡದಿರಲು ಮೇಸ್ತ್ರಿಯ ಕಾಲೂ ಒಂದು ಕಾರಣ. ನಾನು ಕೊಟ್ಟ ಚಿಂದಿಯಲ್ಲಿ ಒಂದು ನೂಲಿನ ಎಳೆ ಬಿಚ್ಚಿಕೊಂಡು ಅದರ ಹಿಂಗಾಲಿಗೆ ಸುತ್ತಿಕೊಂಡಿತು. ಬಿಡಿಸಿಕೊಳ್ಳಲು ಎಳೆದಷ್ಟೂ ಬಿಗಿಯಿತು. ಕಾಲು ಊದಿ ನೀಲಿಯಾಗಿತ್ತು. ಸಂಜೀವಣ್ಣ ಸ್ಟೀಲಿನ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಅದರಲ್ಲಿ ಮೇಸ್ತ್ರಿಯನ್ನು ಇಟ್ಟುಕೊಂಡು, ನನ್ನ ಅಂಗಡಿಯ ಮುಂದೆ ನಿಂತರು. "ಬನ್ನಿ" ಎಂದರು. ನಾನು ಶಟರ್ ಎಳೆದೆ. ಲೋಕಲ್ ರೈಲು ಹಿಡಿದು ಬೊರಿವಲಿಗೆ ಹೋದೆವು. ಡಬ್ಬಿ ಅವರ ಎದೆಗೆ ಒತ್ತಿಕೊಂಡಿತ್ತು, ಗಾಡಿ ಕುಲುಕಿದಾಗೆಲ್ಲ ಅವರ ಮುಖ ಕಿವುಚುತ್ತಿತ್ತು.

ಪ್ರಾಣಿಗಳ ಆಸ್ಪತ್ರೆಯಲ್ಲಿ ಒಂದೊಂದು ಕರುವಿನಷ್ಟಿದ್ದ ನಾಯಿಗಳು ಕೂತಿದ್ದವು. ಕೌಂಟರಿನ ಹುಡುಗಿ ಡಬ್ಬಿಯೊಳಗೆ ಇಣುಕಿ ನಕ್ಕಳು. ಕಾಕಾ, ಇದು ಹೇಗೂ ಎರಡು ವರ್ಷ ಬದುಕುವ ಪ್ರಾಣಿ, ಇದಕ್ಕೆ ಇಷ್ಟೆಲ್ಲ ಯಾಕೆ, ಹೊಸದನ್ನೇ ತನ್ನಿ ಎಂದಳು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಜನ ಹಾಗೆ ಹೇಳುತ್ತಾರೆ ಎಂದು ಹೇಳಿದಳು. ಸಂಜೀವಣ್ಣನ ದನಿ ಆ ಕೋಣೆಯ ನಾಯಿಗಳನ್ನೆಲ್ಲ ಎಬ್ಬಿಸಿತು.

"ಎರಡು ವರ್ಷ ಅದಕ್ಕೆ ಎರಡು ವರ್ಷ ಅಲ್ಲ, ಇಡೀ ಆಯುಷ್ಯ! ನಾಯಿಗೆ ಒಂದು ಜೀವ, ಇದಕ್ಕೆ ಅರ್ಧ ಜೀವವಾ? ಚೀಟಿ ಮಾಡಮ್ಮ!"

ಮೊದಲು ಹಿಂದಿಯಲ್ಲಿ, ಆಮೇಲೆ ಸಾಲದೆಂದು ತುಳುವಿನಲ್ಲಿ ಒಂದಿಷ್ಟು. ಡಾಕ್ಟರು ಒಳಗಿನಿಂದಲೇ ಕರೆದರು. ಅವರು ಮರಾಠಿ ಹೆಣ್ಣುಮಗಳು, ಕನ್ನಡಕ ಹಣೆಗೇರಿಸಿ, ಭೂತಗನ್ನಡಿ ಹಿಡಿದು, ಸೂಜಿಯಂಥ ಕತ್ತರಿಯಿಂದ ಎಳೆ ಕತ್ತರಿಸಿದರು. ಕಾಲು ಉಳಿಯಿತು, ಕುಂಟು ಉಳಿಯಿತು. ಇನ್ನು ಬಟ್ಟೆ ಹಾಕಬೇಡಿ, ಕಾಗದ ಹರಿದು ಹಾಕಿ ಎಂದರು. ಬಟ್ಟೆ ನನ್ನದು. ವಾಪಸು ಬರುವಾಗ ಗಾಡಿಯಲ್ಲಿ ನಾನು ಏನೋ ಹೇಳಹೋದೆ. ಸಂಜೀವಣ್ಣ ಕೈಯೆತ್ತಿ ತಡೆದರು. "ನಿಮ್ಮದು ಎಂತ ಉಂಟು? ಮಾಲು ಕೊಟ್ಟವರದ್ದು ಅಲ್ಲ ತಪ್ಪು, ನೋಡದೆ ಒಳಗೆ ತೆಗೊಂಡವನದ್ದು. ಸ್ಟೋರ್‌ಕೀಪರ್ ನಾನು." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ಕಣ್ಣು ಒರೆಸಿಕೊಂಡದ್ದು ನನಗೆ ಕಾಣಲಿಲ್ಲ ಎಂದೇ ಅವರು ತಿಳಿದಿರಬೇಕು.

ಸೆಕ್ರೆಟರಿಗೆ ಮೊದಲಿನಿಂದಲೂ ಕಣ್ಣು ಕೆಂಪಾಗಿತ್ತು. ಮಳೆಗಾಲದಲ್ಲಿ ಬಿಲ್ಡಿಂಗಿನ ಕಸ ತುಂಬುವ ಕಚ್ರಾ ಕೋಣೆಯಲ್ಲಿ ಹೆಗ್ಗಣಗಳು ಹೆಚ್ಚಾದಾಗ ಅದು ಸಂಜೀವಣ್ಣನ ಗ್ಯಾಲರಿಯಿಂದಲೇ ಬಂದ ಸಂತಾನ ಎಂದು ಹೇಳಿಕೊಂಡು ತಿರುಗಿದರು. ಮೀಟಿಂಗ್ ಕರೆದರು. ಹ್ಯಾಮ್‌ಸ್ಟರುಗಳು ಬಿಲ್ಡಿಂಗ್ ಬಿಡಬೇಕು, ಇಲ್ಲವಾದರೆ ವಿನಯಾಳ ಮನೆಯವರ ಮೇಲೆ ದಂಡ. ವಿನಯಾ ಅಳುಮುಖ ಮಾಡಿಕೊಂಡು, "ಮಾಮ, ಯಾರಿಗಾದ್ರೂ ಕೊಟ್ಟುಬಿಡುವ" ಎಂದಳಂತೆ. ಮಾಮ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು.

ಮೀಟಿಂಗಿಗೆ ನಾನೂ ಹೋಗಿದ್ದೆ. ಅಂಗಡಿಯವರು ಹಿಂದೆ ನಿಲ್ಲಬೇಕು. ನಾನು ಮುಂದೆ ಹೋಗಿ ಕೂತೆ. ಸೆಕ್ರೆಟರಿ ಆರೋಗ್ಯ, ರೋಗ, ಮಕ್ಕಳು ಎಂದೆಲ್ಲ ಮಾತಾಡಿ ಮುಗಿಸಿದರು. ಸಂಜೀವಣ್ಣ ಎದ್ದರು. ಜಗಳವಾಗುತ್ತದೆ ಎಂದು ಎಲ್ಲರೂ ಕಾಯುತ್ತಿದ್ದರೆ ಅವರು ಕೈಮುಗಿದು, "ಇನ್‌ಸ್ಪೆಕ್ಷನ್‌ಗೆ ಬನ್ನಿ" ಎಂದರು. ಹೋಟೆಲಿಗೆ ಮುನ್ಸಿಪಾಲ್ಟಿಯವರು ಬಂದರೆ ಮಾಡುವ ಹಾಗೆಯೇ, ಅಷ್ಟೂ ಮಂದಿಯನ್ನು ಮೂರನೆಯ ಮಾಳಿಗೆಗೆ ಕರೆದೊಯ್ದರು. ಪಂಜರ ತೋರಿಸಿದರು, ಕಾಳಿನ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ಮೂಗಿಗೆ ಹಿಡಿದರು. ಒಳಗೆ ಬೇವಿನೆಲೆ, ಒಣಮೆಣಸು, ಹುಳವಿಲ್ಲದ ಕಾಳು. ನಡುವೆ ವಿನಯಾ ಫಿಲ್ಟರ್ ಕಾಫಿ ತಂದಳು. ಸೆಕ್ರೆಟರಿ ಕೂಡ ಕುಡಿದರು. ಕುಡಿದ ಮೇಲೆ ಸಂಜೀವಣ್ಣ, "ನನ್ನದು ಆಯ್ತು. ಈಗ ನಿಮ್ಮದು ತೋರಿಸಿ" ಎಂದು ಎಲ್ಲರನ್ನೂ ಕೆಳಗಿಳಿಸಿ ಕಚ್ರಾ ಕೋಣೆಯ ಮುಂದೆ ನಿಲ್ಲಿಸಿದರು. ಟಾರ್ಚು ಬಿಟ್ಟು ಒಡೆದ ಜಾಲರಿ ತೋರಿಸಿದರು, ಗೋಡೆಯ ಬುಡದ ಬಿಲ ತೋರಿಸಿದರು.

"ಇಲಿ ಬಂತು ಅಂತ ಮನೆಗೆ ಬೆಂಕಿ ಇಡುದಲ್ಲ ಸಾಹೇಬ್ರೆ, ಬಿಲ ಮುಚ್ಚುದು. ಇಲ್ಲಿರುವುದು ಕಳ್ಳರು. ಇವರನ್ನು ನಾನು ನೋಡಿಕೊಳ್ತೇನೆ. ಮೇಲಿರುವುದು ನನ್ನ ನೆಂಟರು. ಅವರನ್ನೂ ನಾನೇ ನೋಡಿಕೊಳ್ತೇನೆ. ದಂಡ ಹಾಕುದಾದ್ರೆ ಹಾಕಿ, ರಸೀದಿ ಕೊಡಿ. ನೆಂಟರು ಹೋಗುದಿಲ್ಲ."

ಈ ಮಾತನ್ನು ಅವರು ತಮ್ಮ ಹೋಟೆಲ್ ಹಿಂದಿಯಲ್ಲಿ ಹೇಳಿದರು. ನನಗೆ ಮಾತ್ರ ಅದು ಇವತ್ತಿಗೂ ಕನ್ನಡದಲ್ಲೇ ಕೇಳಿಸುತ್ತದೆ. ಬೆಟ್ಟ ಅಗೆದು ಇಲಿ ಹಿಡಿದಂತಾಗಿದ್ದ ಕಮಿಟಿಯವರು ಒಬ್ಬೊಬ್ಬರಾಗಿ ಕರಗಿದರು. ದಂಡ ಯಾರೂ ಹಾಕಲಿಲ್ಲ. ಸಂಜೀವಣ್ಣ ಹೇಳಿದ ಹಾಗೆ ಬಿಲ ಮುಚ್ಚಿಸಿ, ಉಗುರು ಕಿತ್ತ ಅದೇ ಜಾತಿಯ ಕತ್ತರಿಯಿಟ್ಟು ಕಚ್ರಾ ಕೋಣೆಯ ಹೆಗ್ಗಣಗಳನ್ನು ಒಂದು ಹತೋಟಿಗೆ ತಂದರು. ಸೆಕ್ರೆಟರಿ ಥ್ಯಾಂಕ್ಸ್ ಎನ್ನಲಿಲ್ಲ. ಅವರ ಜೊತೆ ಮಾತು ಬಿಟ್ಟರು, ಅಷ್ಟೇ.

ಅವತ್ತು ಗೆದ್ದವರು ಸಂಜೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ಹಬ್ಬ ಬಂದಷ್ಟು ಖುಷಿಯಲ್ಲಿದ್ದೆ. ಅವರು ನೆಲ ನೋಡುತ್ತಿದ್ದರು.

"ಅವರಿಗೆ ಹೇಳುದು ಹೇಳಿ ಬಂದೆ. ಆದ್ರೆ ಶಮೀಮಕ್ಕ, ಮೇಸ್ತ್ರಿ ಕುಂಟುದು ನೋಡುವಾಗ... ನಾನು ನೋಡುದು ಸರಿ ಉಂಟಾ?"

"ಅಣ್ಣಾರ, ಬಿಟ್ಟು ಹೋದವರಿಗಿಂತ ನೀವು ಸಾವಿರ ಪಾಲು ಸರಿ ಅದೀರಿ. ಸುಮ್ಮನ ಕೂಡ್ರಿ."

ಅವರು ತಲೆಯಾಡಿಸಿದರು. "ಬಿಟ್ಟವರ ಜೊತೆ ಹೋಲಿಸಿದ್ರೆ ಎಲ್ಲರೂ ಒಳ್ಳೆಯವರೇ. ಅದು ಲೆಕ್ಕ ಅಲ್ಲ."

ಆ ಮಾತನ್ನು ಎಷ್ಟು ಜನರ ಮುಂದೆ ಹೇಳಬೇಕೆನಿಸಿದೆಯೋ! ತಮ್ಮ ಅತ್ತೆಯನ್ನು, ಕೆಲಸದವಳನ್ನು, ಮಕ್ಕಳನ್ನು ಬೇರೆಯವರಿಗಿಂತ ಚೆನ್ನಾಗಿಯೇ ನೋಡಿಕೊಳ್ಳುತ್ತೇವೆ ಎಂದು ನನ್ನ ಅಂಗಡಿಯಲ್ಲಿ ಅಳತೆ ಕೊಡುತ್ತಲೇ ಹೇಳಿಕೊಳ್ಳುವವರು ಬಹಳ ಮಂದಿ ಇದ್ದಾರೆ.

ಮೇಸ್ತ್ರಿ ಮೊದಲು ಹೋದ. ರೋಗವೇನೂ ಇರಲಿಲ್ಲ, ಮುಪ್ಪು. ಗ್ಯಾಲರಿಯ ಕರಿಬೇವಿನ ಕುಂಡದಲ್ಲಿ ಮಣ್ಣು ಮಾಡಿದರು. ಅದರ ಬೆನ್ನಿಗೇ ಬಂದ ಚಳಿಗಾಲಕ್ಕೆ ಸಂಜೀವಣ್ಣನಿಗೆ ಉಸಿರು ಕಟ್ಟತೊಡಗಿತು. ಹಿಟ್ಟಿನ ಧೂಳು, ಮೆಣಸಿನ ಘಾಟು ಕುಡಿದ ಶ್ವಾಸಕೋಶ ಎಂದು ಡಾಕ್ಟರು ಹೇಳಿದರಂತೆ. ಆಸ್ಪತ್ರೆಗೆ ಹೋಗುವ ಮುಂಚೆ ಧಣಿಯ ಪಂಜರವನ್ನು ತಾವೇ ಲಿಫ್ಟಿನಲ್ಲಿ ತಂದು ನನ್ನ ಅಂಗಡಿಯಲ್ಲಿ ಇಟ್ಟರು. ವಿನಯಾಳಿಗೆ ಆಸ್ಪತ್ರೆಯ ಓಡಾಟವೇ ಸಾಕು ಎಂದರು. ಪಂಜರದ ಸರಳಿನೊಳಗೆ ಬೋಳು ಹೆಬ್ಬೆರಳು ತೂರಿಸಿದರು. ಧಣಿ ಬಂದು ಮೂಸಿ ಹೋದ.

ಮಿಷನ್ನಿನ ಪಕ್ಕದಲ್ಲೇ ಪಂಜರ ಇಟ್ಟುಕೊಂಡೆ, ಕಣ್ಣ ಮುಂದೆ ಇರಲಿ ಎಂದು. ಕಾಳು ಹಾಕಿದೆ, ನೀರು ಇಟ್ಟೆ, ಕಾಗದ ಹರಿದು ಹಾಸಿದೆ. ಧಣಿ ತಿಂದ. ಆದರೆ ಕೂಡಿಡಲಿಲ್ಲ. ಹಾಕಿದ್ದನ್ನು ಹಾಕಿದಲ್ಲೇ ತಿಂದು, ಮೂಲೆ ಹಿಡಿದು ಮಲಗುತ್ತಿದ್ದ. ಆ ಚಿಂತೆಯಲ್ಲಿ ಗಿರಾಕಿಯ ಚೂಡಿದಾರಕ್ಕೆ ಎರಡೂ ತೋಳು ಎಡಗೈಯವೇ ಹಚ್ಚಿದೆ.

ಆಸ್ಪತ್ರೆಗೆ ನೋಡಲು ಹೋದಾಗ ಸಂಜೀವಣ್ಣನ ಮುಖಕ್ಕೆ ಆಕ್ಸಿಜನ್ ಇತ್ತು. ನನ್ನನ್ನು ಕಂಡವರೇ ಅದನ್ನು ಕೆಳಗೆ ಎಳೆದರು. ಹೇಗಿದ್ದೀರಿ ಎಂದು ಕೇಳಲು ಬಿಡಲಿಲ್ಲ.

"ಸ್ಟೋರ್ ತುಂಬಿಸ್ತಾ ಉಂಟಾ?"

ಸುಳ್ಳು ಹೇಳಬಹುದಿತ್ತು. ಆ ಸ್ಥಿತಿಯಲ್ಲಿರುವವರಿಗೆ ಯಾರಾದರೂ ಹೇಳುತ್ತಾರೆ. ಆದರೆ ಸ್ಟಾಕಿನ ವಿಷಯದಲ್ಲಿ ಆ ಮನುಷ್ಯನಿಗೆ ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ. "ಇಲ್ರಿ ಅಣ್ಣಾರ. ತಿಂತೈತಿ, ಆದ್ರ ಕೂಡಿಡವಲ್ದು" ಎಂದೆ.

"ಎಲ್ಲಿ ಇಟ್ಟಿದ್ದೀರಿ?"

"ನನ್ನ ಮಿಷನ್ ಬಾಜೂಕ."

ಸಂಜೀವಣ್ಣನ ದನಿ ಏರಿತು. ಅಷ್ಟು ಉಸಿರು ಎಲ್ಲಿಂದ ತಂದರೋ! "ಮಿಷನ್ ಬುಡದಲ್ಲಿ ಇಡುದಾ? ಇಡೀ ದಿನ ನೆಲ ನಡುಗಿದ್ರೆ ಯಾರು ಸ್ಟೋರ್ ಹಾಕ್ತಾರೆ? ಗೋಡೆ ಬದಿ ಇಡಿ, ಹಲಗೆ ಮೇಲೆ. ಅಡಿಗೆ ಗೋಣಿ ಹಾಕಿ!" ನರ್ಸ್ ಓಡಿ ಬಂದಳು. ಅವಳನ್ನೂ ಗದರಿದರು. ಆಮೇಲೆ ಮಾಸ್ಕನ್ನು ತಾವೇ ಮೇಲಕ್ಕೆಳೆದುಕೊಂಡು, ಕೈಯಲ್ಲೇ ನನಗೆ ಹೋಗಿ ಹೋಗಿ ಎಂದು ಸನ್ನೆ ಮಾಡಿದರು. ಈಗಲೇ ಹೋಗಿ ಪಂಜರ ಸರಿಸಿ ಎಂದು.

ಹೋಗಿ ಸರಿಸಿದೆ. ಗೋಡೆಯ ಬದಿಗೆ ಹಲಗೆ, ಹಲಗೆಯ ಮೇಲೆ ಮಡಚಿದ ಗೋಣಿ, ಅದರ ಮೇಲೆ ಪಂಜರ. ಮಾರನೆಯ ಬೆಳಗ್ಗೆ ಶಟರ್ ಎತ್ತಿ ಮೊದಲು ಅದನ್ನೇ ನೋಡಿದೆ. ಮೂಲೆಯಲ್ಲಿ, ಕಾಗದದ ಕೆಳಗೆ, ಸೂರ್ಯಕಾಂತಿ ಬೀಜ, ಜೋಳ, ಒಂದು ಒಣ ಬಟಾಣಿ. ಅಂಗಡಿಯಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡು, ಶಟರ್ ಮತ್ತೆ ಇಳಿಸಿ, ಸ್ಟೇಷನ್ನಿನ ಕಡೆ ಹೊರಟಿದ್ದೆ. ಆಗ ವಿನಯಾಳ ಫೋನ್ ಬಂತು. ಬೆಳಗಿನ ಜಾವ, ಹಾಲಿನ ಗಾಡಿ ಬರುವ ಹೊತ್ತಿಗೆ, ಮಾಮ ಹೋದರು ಎಂದಳು.

ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ಅಷ್ಟು ಕೇಳಿದ ಮನುಷ್ಯ ಉತ್ತರಕ್ಕೆ ಒಂದು ಗಂಟೆ ಕಾಯಬಾರದಿತ್ತೇ? ನಡುಬೀದಿಯಲ್ಲಿ ಆ ಫೋಟೋ ನೋಡುತ್ತ ಅತ್ತೆ. ರಿಕ್ಷಾದವರು ಹಾರ್ನ್ ಹೊಡೆದರು, ಹೊಡೆಯಲಿ ಎಂದು ಅಲ್ಲೇ ನಿಂತೆ.

ಧಣಿ ಅದಾದ ಮೇಲೆ ಹೆಚ್ಚು ಕಾಲ ಇರಲಿಲ್ಲ. ಅವನಿಗೂ ವಯಸ್ಸಾಗಿತ್ತು. ನಿದ್ದೆಯಲ್ಲೇ ಹೋದ, ಮೂಲೆಯ ಸ್ಟೋರ್ ತುಂಬಿತ್ತು. ಅದೇ ಕರಿಬೇವಿನ ಕುಂಡಕ್ಕೆ ಹಾಕಿ ಬಂದೆ. ಸೆಕ್ರೆಟರಿ ಅಂಗಡಿಯ ಮುಂದೆ ನಿಂತು ಖಾಲಿ ಪಂಜರ ನೋಡಿ, "ಚಲೋ, ಕಿಸ್ಸಾ ಖತಮ್" ಎಂದು ಕತೆ ಮುಗಿಸಿಬಿಟ್ಟರು.

ಅದೇ ವಾರ ವಿನಯಾ ಗ್ಯಾಲರಿ ಖಾಲಿ ಮಾಡಿದಳು. ಸಂಜೀವಣ್ಣನ ಹಾಸಿಗೆಯ ಕೆಳಗಿದ್ದ ಡಬ್ಬಿಗಳನ್ನು ತಂದು ನನ್ನ ಅಂಗಡಿಯಲ್ಲಿ ಸಾಲಾಗಿ ಇಟ್ಟು, ಏನು ಮಾಡುವುದು ಆಂಟಿ ಎಂದಳು. ಮುಚ್ಚಳ ತೆಗೆದೆ. ಸೂರ್ಯಕಾಂತಿ ಬೀಜ, ನವಣೆ, ಓಟ್ಸು, ಒಡೆದ ಜೋಳ. ಬೇವಿನೆಲೆ, ಒಣಮೆಣಸು. ಒಂದು ಗೋಣಿಯ ತುಂಬ ಸಣ್ಣಗೆ ಹರಿದಿಟ್ಟ ಬಿಳಿ ಕಾಗದ. ಧಣಿಗೆ ಮುಪ್ಪು ಬಂದಿತ್ತೆಂದು ಅವರಿಗೆ ಗೊತ್ತಿತ್ತು, ತಮ್ಮ ಉಸಿರಿನ ಸ್ಥಿತಿಯೂ ಗೊತ್ತಿತ್ತು. ಆದರೂ ಇನ್ನೊಂದು ಪ್ರಾಣಿಯ ಇಡೀ ಆಯುಷ್ಯಕ್ಕೆ ಸಾಲುವಷ್ಟು ಸ್ಟಾಕ್ ಮಾಡಿಟ್ಟಿದ್ದರು.

ಹಾಳು ಮಾಡಲು ನನಗೆ ಮನಸ್ಸಾಗಲಿಲ್ಲ. ಬೊರಿವಲಿಯ ಒಂದು ಮನೆಯವರು ಊರು ಬಿಡುತ್ತಿದ್ದೇವೆ, ಹ್ಯಾಮ್‌ಸ್ಟರ್ ಯಾರಿಗಾದರೂ ಬೇಕೇ ಎಂದು ಗಿರಾಕಿಯೊಬ್ಬಳ ಫೋನಿಗೆ ಕಳಿಸಿದ್ದರು. 'ಯಾರಿಗಾದರೂ' ಎಂಬ ಮಾತು ಓದಿಯೇ ನನ್ನ ಮೈ ಉರಿಯಿತು. ಸ್ಟೀಲಿನ ಡಬ್ಬಿ ಹಿಡಿದು ಲೋಕಲ್ ಹತ್ತಿದೆ. ಈಗ ಗೋಡೆಯ ಬದಿಯ ಹಲಗೆಯ ಮೇಲೆ ಬೂದು ಬಣ್ಣದ ಒಂದು ಹೆಣ್ಣಿದೆ. ಮೊನ್ನೆ ಸೆಕ್ರೆಟರಿ ಬಗ್ಗಿ ನೋಡಿ, "ಫಿರ್ ಸೆ ಚೂಹಾ?" ಎಂದರು, ಮತ್ತೆ ಇಲಿಯೇ ಎಂದು. ನೆಂಟರು ಎಂದೆ. ಯಾರಿಗೆ ನೆಂಟರು ಎಂದರು. ನನಗೆ ಎಂದೆ.

ಅದು ತಿನ್ನುತ್ತದೆ, ಓಡುತ್ತದೆ, ಆದರೆ ಸ್ಟೋರ್ ಇನ್ನೂ ಅರ್ಧವೂ ತುಂಬಿಲ್ಲ. ಕಾಳು ಬದಲಿಸಬೇಕೋ, ಜಾಗ ಬದಲಿಸಬೇಕೋ, ಇನ್ನೂ ಕಾಯಬೇಕೋ ತಿಳಿಯುತ್ತಿಲ್ಲ. ಖಾಲಿ ಸ್ಟೂಲಿನ ಕಡೆ ನೋಡಿ, ಅಣ್ಣಾರ, ನಾ ನೋಡೂದು ಸರಿ ಐತೇನ್ರಿ ಎಂದು ಕೇಳುತ್ತೇನೆ. ಈಗೀಗ ನನ್ನ ದನಿ ಬಹಳ ಏರಿದೆ ಎಂದು ಗಿರಾಕಿಗಳು ಹೇಳುತ್ತಾರೆ.